ಉರಿಯದ ಗ್ಯಾಸು, ಉರಿಯುವ ಗ್ಯಾಸು, ನಡುವೆ ಒಂದು ಚಿಟಿಕೆ ಇದ್ದಿಲು

ನಮ್ಮ ಅಜ್ಜಿ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಕೊಟ್ಟಿಗೆ ಪಕ್ಕದ ಗುಂಡಿಯಿಂದ ಒಂದು ಪೈಪು ಅಡುಗೆಮನೆಗೆ ಬರುತ್ತಿತ್ತು. ಬೆಳಿಗ್ಗೆ ಕಾಫಿಗೆ ಒಲೆ ಹಚ್ಚಿದರೆ ತೆಳು ನೀಲಿ ಜ್ವಾಲೆ. ಸಿಲಿಂಡರ್ ಗ್ಯಾಸಿನಷ್ಟು ಚುರುಕಿಲ್ಲ. ಹಾಲು ಉಕ್ಕುವುದಕ್ಕೆ ಸ್ವಲ್ಪ ಹೆಚ್ಚೇ ಕಾಯಬೇಕಿತ್ತು.

ಯಾಕೆ ಚುರುಕಿಲ್ಲ ಅಂತ ಆಗ ಗೊತ್ತಿರಲಿಲ್ಲ. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಮೀಥೇನ್ ಮಾತ್ರ. ಅದು ನೂರಕ್ಕೆ 55ರಿಂದ 60 ಭಾಗ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅದು ಉರಿಯುವುದಿಲ್ಲ, ಪಾತ್ರೆ ಕಾಯಿಸುವುದಿಲ್ಲ. ಮೀಥೇನ್ ಜೊತೆ ಸುಮ್ನೆ ಪೈಪಿನಲ್ಲಿ ಬಂದು ಸುಮ್ನೆ ಹೊರಗೆ ಹೋಗುತ್ತದೆ.

ಆ ಉರಿಯದ ಪಾಲನ್ನೂ ಮೀಥೇನ್ ಮಾಡಬಹುದು. ಅದಕ್ಕೆ ಬೇಕಾದದ್ದು ಹೈಡ್ರೋಜನ್, ಸುಮಾರು 300 ಡಿಗ್ರಿ ಬಿಸಿ, ಮತ್ತು ನಿಕ್ಕಲ್ ಅನ್ನುವ ಲೋಹ. ನೂರಿಪ್ಪತ್ತು ವರ್ಷಗಳಿಂದ ಗೊತ್ತಿರುವ ವಿದ್ಯೆ ಇದು. ಇವತ್ತು ಇದರ ಮೇಲೆ ಮತ್ತೆ ಜಗತ್ತಿನಾದ್ಯಂತ ಕೆಲಸ ನಡೆಯುತ್ತಿದೆ. ಅದರಲ್ಲಿ ಒಂದು ಭಾಗ ನನಗೆ ತುಂಬಾ ಇಷ್ಟ. ನಿಕ್ಕಲ್ ಅನ್ನು ಯಾವುದರ ಮೇಲೆ ಕೂರಿಸಬೇಕು ಅನ್ನುವ ಪ್ರಶ್ನೆ ಅದು. ಇದ್ದಿಲಿನ ಮೇಲೆ ಕೂರಿಸಿದರೆ ಏನಾಗುತ್ತದೆ ಅನ್ನುವುದೇ ಈ ಲೇಖನ.

ಮೊದಲು ಲೆಕ್ಕ. ಒಂದು ಅಣು ಕಾರ್ಬನ್ ಡೈಆಕ್ಸೈಡ್‌ಗೆ ನಾಲ್ಕು ಅಣು ಹೈಡ್ರೋಜನ್ ಸೇರಿದರೆ ಒಂದು ಅಣು ಮೀಥೇನ್, ಎರಡು ಅಣು ನೀರು ಬರುತ್ತದೆ. ತೂಕದಲ್ಲಿ ಹೇಳಿದರೆ 44 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ 8 ಕೆಜಿ ಹೈಡ್ರೋಜನ್ ಬೇಕು. ಸಿಗುವುದು 16 ಕೆಜಿ ಮೀಥೇನ್, 36 ಕೆಜಿ ನೀರು. ಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಒಂದು ಸಿಲಿಂಡರ್ ಪೂರ್ತಿ ಉರಿಸಿದರೆ ಹತ್ತಿರ ಹತ್ತಿರ 42 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಅಂದರೆ ಒಂದು ಸಿಲಿಂಡರ್ ಉರಿದು ಬಂದದ್ದನ್ನೆಲ್ಲ ಹಿಡಿದಿಟ್ಟರೆ, ಅದರಿಂದ ಇನ್ನೊಂದು ಸಿಲಿಂಡರ್‌ನಷ್ಟು ಮೀಥೇನ್ ಮಾಡಬಹುದು.

ಕೇಳುವುದಕ್ಕೆ ಪುಕ್ಕಟೆ ಗ್ಯಾಸ್ ಥರ ಇದೆ ಅಲ್ವಾ? ಪುಕ್ಕಟೆ ಖಂಡಿತ ಅಲ್ಲ. ಆ 8 ಕೆಜಿ ಹೈಡ್ರೋಜನ್ ಎಲ್ಲಿಂದ ಬರಬೇಕು? ನೀರನ್ನು ಕರೆಂಟಿನಿಂದ ಒಡೆದರೆ ಒಂದು ಕೆಜಿ ಹೈಡ್ರೋಜನ್‌ಗೆ ಸುಮಾರು 50ರಿಂದ 55 ಯೂನಿಟ್ ಬೇಕು. 8 ಕೆಜಿಗೆ 400 ಯೂನಿಟ್‌ಗೂ ಜಾಸ್ತಿ. ಸಿಕ್ಕ 16 ಕೆಜಿ ಮೀಥೇನ್ ಉರಿಸಿದರೆ ಬರುವ ಶಾಖ ಸುಮಾರು 220 ಯೂನಿಟ್. ಹಾಕಿದ ಕರೆಂಟಿನಲ್ಲಿ ಅರ್ಧದಷ್ಟು ಮಾತ್ರ ಕೈಗೆ ಬಂತು. ಆ ಕರೆಂಟು ಕಲ್ಲಿದ್ದಲಿನದ್ದಾದರೆ ಇದು ಪೂರ್ತಿ ನಷ್ಟದ ವ್ಯಾಪಾರ. ಕಾರ್ಬನ್ ಡೈಆಕ್ಸೈಡ್ ಕಡಿಮೆ ಮಾಡಲು ಹೋಗಿ ಜಾಸ್ತಿ ಮಾಡಿದ ಹಾಗಾಗುತ್ತದೆ. ಮಧ್ಯಾಹ್ನ ಬಿಸಿಲು ಜೋರಾಗಿದ್ದು, ಸೋಲಾರ್ ಕರೆಂಟು ಗ್ರಿಡ್‌ಗೆ ಬೇಡವಾಗುವಷ್ಟು ಬರುತ್ತಿದ್ದರೆ ಆಗ ಲೆಕ್ಕ ಬೇರೆ. ಆ ಕರೆಂಟನ್ನು ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಇಡುವುದು ಕಷ್ಟ. ಮೀಥೇನ್ ಮಾಡಿದರೆ ಈಗಿರುವ ಗ್ಯಾಸ್ ಪೈಪ್‌ಲೈನು, ಟ್ಯಾಂಕು, ಒಲೆಗಳಲ್ಲೇ ಇಡಬಹುದು, ಬಳಸಬಹುದು. ಜರ್ಮನಿಯ ವೆರ್ಲ್ಟೆ ಎಂಬ ಊರಿನಲ್ಲಿ ಆಡಿ ಕಾರು ಕಂಪನಿ 2013ರಲ್ಲಿ ಇಂಥದ್ದೇ ಘಟಕ ಶುರು ಮಾಡಿತು. ಪಕ್ಕದ ಜೈವಿಕ ಅನಿಲ ಘಟಕದಿಂದ ಕಾರ್ಬನ್ ಡೈಆಕ್ಸೈಡ್, ಗಾಳಿಯಂತ್ರದ ಕರೆಂಟಿನಿಂದ ಹೈಡ್ರೋಜನ್. ವರ್ಷಕ್ಕೆ ಸುಮಾರು 1000 ಟನ್ ಮೀಥೇನ್ ಮಾಡುವ ಲೆಕ್ಕದಲ್ಲಿ ಕಟ್ಟಿದ್ದು.

ಈಗ ನಿಕ್ಕಲ್ ವಿಷಯಕ್ಕೆ ಬರೋಣ. ಕಾರ್ಬನ್ ಡೈಆಕ್ಸೈಡ್ ತುಂಬಾ ಗಟ್ಟಿ ಅಣು. ನಡುವೆ ಇಂಗಾಲ, ಎರಡೂ ಕಡೆ ಆಮ್ಲಜನಕ, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದ ಹಾಗೆ. ಸೌದೆ ಉರಿದರೂ ಪೆಟ್ರೋಲ್ ಉರಿದರೂ ಇಂಗಾಲ ಕೊನೆಗೆ ಬಂದು ನಿಲ್ಲುವುದು ಇದೇ ರೂಪದಲ್ಲಿ. ಇದನ್ನೂ ಹೈಡ್ರೋಜನ್ನನ್ನೂ ಒಂದು ಡಬ್ಬಿಯಲ್ಲಿ ತುಂಬಿಸಿ 300 ಡಿಗ್ರಿಗೆ ಕಾಯಿಸಿದರೆ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ಮೀಥೇನ್ ಆದರೆ ಶಾಖ ಹೊರಗೆ ಬರುತ್ತದೆ, ಅಂದರೆ ಇದು ಇಳಿಜಾರಿನ ದಾರಿ. ಆದರೆ ಇಳಿಜಾರಿಗೆ ಮುಂಚೆ ಒಂದು ದೊಡ್ಡ ಗುಡ್ಡ ಅಡ್ಡ ಇದೆ. ಹಾಸನದಿಂದ ಮಂಗಳೂರು ಕೆಳಗೇ ಇದ್ದರೂ ನಡುವೆ ಬೆಟ್ಟ ದಾಟಲೇಬೇಕಲ್ಲ, ಹಾಗೆ. ನಿಕ್ಕಲ್ ಆ ಬೆಟ್ಟದಲ್ಲಿ ಒಂದು ಘಾಟಿ ರಸ್ತೆ ಮಾಡಿಕೊಡುತ್ತದೆ. ಶಾಲೆಯಲ್ಲಿ ಇದನ್ನೇ ಕ್ರಿಯಾವರ್ಧಕ ಅಂತ ಓದಿದ್ದೇವೆ. ಕಾರ್ಖಾನೆಯವರು ಕ್ಯಾಟಲಿಸ್ಟ್ ಅನ್ನುತ್ತಾರೆ.

ಹೈಡ್ರೋಜನ್ ಅಣು ನಿಕ್ಕಲ್ ಮೇಲೆ ಬಂದು ಕೂತ ತಕ್ಷಣ ಎರಡು ಹೋಳಾಗುತ್ತದೆ. ಬಿಡಿ ಹೈಡ್ರೋಜನ್ ಪರಮಾಣುಗಳು ಲೋಹದ ಮೇಲೆ ಓಡಾಡುತ್ತಿರುತ್ತವೆ. ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಬಂದು ಅಂಟಿಕೊಳ್ಳುತ್ತದೆ. ಒಂದು ಆಮ್ಲಜನಕ ಕಳಚುತ್ತದೆ, ಆಮೇಲೆ ಇನ್ನೊಂದು. ಕಳಚಿದ ಆಮ್ಲಜನಕಕ್ಕೆ ಹೈಡ್ರೋಜನ್ ಸೇರಿ ನೀರಾಗುತ್ತದೆ. ಒಂಟಿಯಾದ ಇಂಗಾಲಕ್ಕೆ ಒಂದೊಂದಾಗಿ ನಾಲ್ಕು ಹೈಡ್ರೋಜನ್ ಸೇರಿ ಮೀಥೇನ್ ಆಗಿ ಹಾರಿಹೋಗುತ್ತದೆ. ಆಮ್ಲಜನಕ ಕಳಚುವ ಮೊದಲೇ ಹೈಡ್ರೋಜನ್ ಸೇರುವ ಇನ್ನೊಂದು ದಾರಿಯೂ ಇದೆ. ಯಾವ ಕ್ಯಾಟಲಿಸ್ಟ್‌ನಲ್ಲಿ ಯಾವ ದಾರಿ ಹೆಚ್ಚು ಅನ್ನುವುದು ಇವತ್ತಿಗೂ ಬಿಸಿಬಿಸಿ ಚರ್ಚೆಯ ವಿಷಯ.

ಇದನ್ನು ಕಂಡುಹಿಡಿದವರು ಫ್ರಾನ್ಸಿನ ಟುಲೂಸ್ ಊರಿನ ಪಾಲ್ ಸಬಾಟಿಯೇ ಮತ್ತು ಅವರ ಜೊತೆಗಾರ, ಪಾದ್ರಿಯೂ ಆಗಿದ್ದ ಸೆಂಡೆರೆನ್ಸ್. 1897ರಲ್ಲಿ ನಿಕ್ಕಲ್ ಪುಡಿ ಇಟ್ಟುಕೊಂಡು ಹೈಡ್ರೋಜನ್ ಸೇರಿಸುವ ಪ್ರಯೋಗ ಶುರು ಮಾಡಿದರು. 1902ರಲ್ಲಿ ಮೀಥೇನ್ ಮಾಡಿ ತೋರಿಸಿದರು. 1912ರಲ್ಲಿ ಸಬಾಟಿಯೇಗೆ ನೊಬೆಲ್ ಬಂತು. ಇದೇ ನಿಕ್ಕಲ್ ವಿದ್ಯೆಯಿಂದ ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವುದು ಬಂತು. ನಮ್ಮ ಬೇಕರಿಗಳಿಗೂ ಮದುವೆ ಮನೆಯ ಮೈಸೂರು ಪಾಕಿಗೂ ಬಂದ ಡಾಲ್ಡಾ, ಅಂದರೆ ವನಸ್ಪತಿ, ಈ ವಂಶದ್ದೇ. ಅಮೋನಿಯಾ ಗೊಬ್ಬರದ ಕಾರ್ಖಾನೆಗಳಲ್ಲೂ ಹೈಡ್ರೋಜನ್‌ನಲ್ಲಿ ಉಳಿದ ಚೂರುಪಾರು ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್ ತೆಗೆಯಲು ಇದನ್ನೇ ದಶಕಗಳಿಂದ ಮಾಡುತ್ತಿದ್ದಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ 2010ರಲ್ಲಿ ಒಂದು ಸಬಾಟಿಯೇ ಯಂತ್ರ ಹೋಯಿತು. ಅಲ್ಲಿ ಯಾತ್ರಿಗಳು ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್‌ನಿಂದ ನೀರು ಮಾಡಿಕೊಳ್ಳುತ್ತಿದ್ದರು. ಮೀಥೇನ್ ಅನ್ನು ಹೊರಗೆ ಬಿಟ್ಟುಬಿಡುತ್ತಿದ್ದರು. ಅಲ್ಲಿ ಬೇಕಿದ್ದದ್ದು ನೀರು.

ರುಥೇನಿಯಂ ಅನ್ನುವ ಲೋಹ ಈ ಕೆಲಸವನ್ನು ನಿಕ್ಕಲ್‌ಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಟನ್‌ಗಟ್ಟಲೆ ಗ್ಯಾಸ್ ಮಾಡಬೇಕಾದರೆ ನಿಕ್ಕಲ್‌ಗೇ ಬರಬೇಕು.

ನಿಕ್ಕಲ್ ತುಂಡನ್ನು ಹಾಗೇ ಹಾಕಿದರೆ ಆಗದೇ? ಆಗುವುದಿಲ್ಲ. ಕೆಲಸವೆಲ್ಲ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಒಳಗಿರುವ ಪರಮಾಣುಗಳಿಗೆ ಗ್ಯಾಸ್ ಮುಟ್ಟುವುದೇ ಇಲ್ಲ, ಅವು ದಂಡ. ಅದಕ್ಕೇ ನಿಕ್ಕಲ್ ಅನ್ನು ಆದಷ್ಟು ಸಣ್ಣ ಕಣ ಮಾಡುತ್ತಾರೆ. 5 ನ್ಯಾನೋಮೀಟರ್ ಅಗಲದ ಒಂದು ಕಣ ತೆಗೆದುಕೊಳ್ಳಿ. ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಹತ್ತು ಸಾವಿರ ಪಟ್ಟಿಗಿಂತಲೂ ಚಿಕ್ಕದು. ಅದರಲ್ಲಿ ಸುಮಾರು 6000 ಪರಮಾಣು ಇರುತ್ತವೆ, ಐದರಲ್ಲಿ ಒಂದು ಹೊರಗಿರುತ್ತದೆ. 20 ನ್ಯಾನೋಮೀಟರ್ ಆದರೆ ಇಪ್ಪತ್ತರಲ್ಲಿ ಒಂದು ಮಾತ್ರ.

ಹಾಗಾದರೆ ಇನ್ನೂ ಸಣ್ಣದು ಮಾಡುತ್ತಾ ಹೋದರೆ? ಅಲ್ಲೊಂದು ತೊಡಕಿದೆ. ಇಂಗಾಲದಿಂದ ಆಮ್ಲಜನಕವನ್ನು ಕಳಚಲು ಲೋಹದ ಮೇಲೆ ಮೆಟ್ಟಿಲಿನಂಥ ಅಂಚುಗಳು ಬೇಕು. ಕಣ ತೀರಾ ಚಿಕ್ಕದಾದರೆ ಅಂಥ ಮೆಟ್ಟಿಲೇ ಕಟ್ಟಿಕೊಳ್ಳುವುದಿಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2018ರಲ್ಲಿ ಸಿಲಿಕಾ, ಅಂದರೆ ಮರಳಿನ ಜಾತಿಯ ಪುಡಿ, ಅದರ ಮೇಲೆ ಕೂರಿಸಿದ ನಿಕ್ಕಲ್ ಕಣಗಳನ್ನು ಬೇರೆ ಬೇರೆ ಗಾತ್ರದಲ್ಲಿ ಮಾಡಿ ನೋಡಿದರು. ಸುಮಾರು 2.5 ನ್ಯಾನೋಮೀಟರ್ ಹತ್ತಿರ ಕೆಲಸ ಅತಿ ಚುರುಕು, ಅದಕ್ಕಿಂತ ಚಿಕ್ಕದಾದರೆ ಮತ್ತೆ ಮಂದ.

ಇಷ್ಟು ಸಣ್ಣ ಕಣಗಳನ್ನು ಸುಮ್ನೆ ಪುಡಿಯಾಗಿ ಬಿಟ್ಟರೆ ಬಿಸಿಗೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ದೂರ ದೂರ ಕೂರಿಸಬೇಕು. ಕೂರಿಸಲು ಜಾಗ ಬೇಕು. ಆಸರೆ ಅನ್ನುವುದು ಇದಕ್ಕೇ. ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಸುವ ಆಸರೆ ಅಲ್ಯೂಮಿನಾ. ಬೆಳಗಾವಿಯಲ್ಲಿ ಬಾಕ್ಸೈಟ್‌ನಿಂದ ತೆಗೆಯುವ ಬಿಳಿ ಪುಡಿ ಇದೆಯಲ್ಲ, ಅದೇ ಜಾತಿಯದ್ದು. ಗಟ್ಟಿ, ಬಿಸಿ ತಡೆಯುತ್ತದೆ, ಅಗ್ಗ. ಆದರೆ ನಿಕ್ಕಲ್ ಜೊತೆ ಅತಿಯಾಗಿ ಬೆರೆಯುತ್ತದೆ. ತಯಾರಿಸುವಾಗ ಬಿಸಿ ಜಾಸ್ತಿಯಾದರೆ ನಿಕ್ಕಲ್‌ನ ಒಂದು ಪಾಲು ಅಲ್ಯೂಮಿನಾದೊಳಗೇ ಸೇರಿ ನೀಲಿ ಬಣ್ಣದ ಬೇರೆಯದೇ ವಸ್ತುವಾಗುತ್ತದೆ. ಅದನ್ನು ಮತ್ತೆ ಲೋಹ ಮಾಡಲು 700 ಡಿಗ್ರಿಗಿಂತ ಮೇಲೆ ಕಾಯಿಸಬೇಕು. ಅಷ್ಟರಲ್ಲಿ ಉಳಿದ ಕಣಗಳು ಮುದ್ದೆಯಾಗಿರುತ್ತವೆ. ಇನ್ನೊಂದು ತೊಂದರೆ, ಅಲ್ಯೂಮಿನಾಗೆ ನೀರೆಂದರೆ ಇಷ್ಟ. ಈ ಕ್ರಿಯೆಯಲ್ಲಿ ಮೀಥೇನ್‌ಗಿಂತ ಎರಡು ಪಟ್ಟು ನೀರಿನ ಅಣು ಹುಟ್ಟುತ್ತವೆ. ಅವು ಅಲ್ಲೇ ಅಂಟಿಕೊಂಡು ಕೂತರೆ ಹೊಸ ಗ್ಯಾಸಿಗೆ ಜಾಗ ಸಿಗುವುದಿಲ್ಲ.

ಇಲ್ಲಿ ಇದ್ದಿಲು ಬರುತ್ತದೆ. ಒಲೆಯ ಇದ್ದಿಲಲ್ಲ. ತೆಂಗಿನ ಚಿಪ್ಪನ್ನು ಗಾಳಿ ತಾಗದಂತೆ ಸುಟ್ಟು, ಆಮೇಲೆ ಹಬೆ ಹಾಯಿಸಿ ಒಳಗೆಲ್ಲ ತೂತು ಮಾಡಿದ ಇದ್ದಿಲು. ಮನೆಯ ನೀರಿನ ಫಿಲ್ಟರ್‌ನಲ್ಲಿ ಇರುವ ಕರಿ ಕಾಳು ಇದೇ. ಇದರ ಒಂದು ಗ್ರಾಂನಲ್ಲಿ ಒಳಗಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತು ಗುಂಟೆ. ಕಾಲು ಎಕರೆ ಜಮೀನು, ಒಂದು ಚಿಟಿಕೆ ಕರಿ ಪುಡಿಯೊಳಗೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ತಪ್ಪಿರಬೇಕು ಅಂತ ನಾನು ಮತ್ತೆ ಮತ್ತೆ ಕೂಡಿ ಕಳೆದು ನೋಡಿದ್ದೆ.

ಈ ಜಮೀನಿನಲ್ಲಿ ನಿಕ್ಕಲ್ ಬಿತ್ತುವ ಕೆಲಸ ಅಡುಗೆಗೆ ಹತ್ತಿರ. ನಿಕ್ಕಲ್ ನೈಟ್ರೇಟ್ ಅನ್ನುವ ಹಸಿರು ಹರಳನ್ನು ನೀರಿನಲ್ಲಿ ಕರಗಿಸುತ್ತಾರೆ. ಒಣ ಇದ್ದಿಲ ಪುಡಿಗೆ ಆ ಹಸಿರು ನೀರನ್ನು ಹನಿಹನಿಯಾಗಿ ಬಿಟ್ಟು ಕಲಸುತ್ತಾರೆ. ಗೊಜ್ಜವಲಕ್ಕಿಗೆ ಅವಲಕ್ಕಿ ನೆನೆಸುವಾಗ ನೀರು ಚಿಮುಕಿಸುತ್ತೇವಲ್ಲ, ಪೂರ್ತಿ ಹೀರಬೇಕು, ಆದರೆ ಮುದ್ದೆಯಾಗಬಾರದು, ಥೇಟ್ ಹಾಗೆ. ಪುಡಿ ಎಷ್ಟು ಹನಿ ಕುಡಿದರೂ ಒಣಗಿದಂತೆಯೇ ಕಾಣುತ್ತದೆ. ಒಂದು ಹಂತದಲ್ಲಿ ಒಂದೇ ಒಂದು ಹನಿಗೆ ಥಟ್ಟನೆ ಒದ್ದೆಯಾಗಿ ಹೊಳೆಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ತೂತುಗಳು ತುಂಬಿವೆ ಅಂತ ಅರ್ಥ. ಆಮೇಲೆ 110 ಡಿಗ್ರಿ ಆಸುಪಾಸಿನಲ್ಲಿ ಒಣಗಿಸಿ, ಸಾರಜನಕದಲ್ಲಿ ಕಾಯಿಸಬೇಕು. ಆಗ ನೈಟ್ರೇಟ್ ಒಡೆದು ನಿಕ್ಕಲ್ ಆಕ್ಸೈಡ್ ಆಗುತ್ತದೆ. ಮಾಮೂಲಿ ಗಾಳಿಯಲ್ಲಿ ಕಾಯಿಸಿದರೆ ಇದ್ದಿಲು ಉರಿದೇ ಹೋಗುತ್ತದೆ! ಕೊನೆಗೆ ಹೈಡ್ರೋಜನ್ ಹಾಯಿಸಿದರೆ ನಿಕ್ಕಲ್ ಆಕ್ಸೈಡ್ ಲೋಹವಾಗುತ್ತದೆ. ಅಲ್ಯೂಮಿನಾದಂತೆ ಇದ್ದಿಲು ನಿಕ್ಕಲ್ ಅನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಕಡಿಮೆ ಬಿಸಿಯಲ್ಲೇ ಹಾಕಿದ ನಿಕ್ಕಲ್ ಬಹುತೇಕ ಲೋಹವಾಗಿ ಕೆಲಸಕ್ಕೆ ಸಿಗುತ್ತದೆ. ಬರೀ ಇದ್ದಿಲಿಗೆ ನೀರು ಅಷ್ಟಾಗಿ ಅಂಟುವುದಿಲ್ಲ, ಹುಟ್ಟಿದ ನೀರು ಬೇಗ ಜಾಗ ಖಾಲಿ ಮಾಡುತ್ತದೆ. ಕ್ಯಾಟಲಿಸ್ಟ್ ಹಳತಾದ ಮೇಲೆ ಇದ್ದಿಲನ್ನು ಸುಟ್ಟರೆ ನಿಕ್ಕಲ್ ವಾಪಸ್ ಸಿಗುತ್ತದೆ.

ಬಿಗಿಯಾಗಿ ಹಿಡಿಯದೇ ಇರುವುದು ಗುಣವೂ ಹೌದು, ದೋಷವೂ ಹೌದು. ನಿಕ್ಕಲ್ ಕರಗುವುದು 1455 ಡಿಗ್ರಿಯಲ್ಲಿ. ಆದರೆ ಇಷ್ಟು ಸಣ್ಣ ಕಣಗಳ ಮೇಲ್ಮೈ ಪರಮಾಣುಗಳು 300 ಡಿಗ್ರಿ ಹತ್ತಿರವೇ ಜಾಗ ಬದಲಿಸಲು ಶುರು ಮಾಡುತ್ತವೆ. ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದನ್ನು ನೋಡಿದ್ದೀರಲ್ಲ. ಹಾಗೆ 5 ನ್ಯಾನೋಮೀಟರ್‌ನ 64 ಕಣಗಳು ಸೇರಿದರೆ 20 ನ್ಯಾನೋಮೀಟರ್‌ನ ಒಂದು ಕಣ. ಲೋಹ ಅಷ್ಟೇ ಇದೆ, ಕೆಲಸದ ಜಾಗ ಕಾಲು ಭಾಗಕ್ಕೆ ಇಳಿಯಿತು. ಉಟ್ರೆಕ್ಟ್‌ನವರು ಇದ್ದಿಲ ಜಾತಿಯ ಆಸರೆಯ ಮೇಲೆ ನಿಕ್ಕಲ್ ಕಣಗಳು ಹೀಗೆ ಬೆಳೆಯುವುದನ್ನು, ಗ್ಯಾಸ್ ಹಾಯುತ್ತಿರುವಾಗಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿದ್ದಾರೆ.

ತಡೆಯಲು ಏನು ಮಾಡುತ್ತಾರೆ? ಇದ್ದಿಲ ಗೋಡೆಯನ್ನು ಸ್ವಲ್ಪ ಒರಟು ಮಾಡುತ್ತಾರೆ. ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೆ ಗೋಡೆಗೆ ಅಲ್ಲಲ್ಲಿ ಆಮ್ಲಜನಕ ಅಂಟುತ್ತದೆ, ನಿಕ್ಕಲ್‌ಗೆ ಹಿಡಿಕೆ ಸಿಗುತ್ತದೆ. ಇನ್ನೂ ಒಳ್ಳೆಯ ದಾರಿ, ಇದ್ದಿಲು ಮಾಡುವಾಗಲೇ ಸಾರಜನಕ ಇರುವ ಯೂರಿಯಾದಂಥ ವಸ್ತು ಬೆರೆಸುವುದು. ಇಂಗಾಲದ ಜಾಲದಲ್ಲಿ ಅಲ್ಲಲ್ಲಿ ಸಾರಜನಕ ಕೂತುಕೊಳ್ಳುತ್ತದೆ. ಅದು ನಿಕ್ಕಲ್ ಅನ್ನು ಹಿಡಿದಿಡುತ್ತದೆ. ಜೊತೆಗೆ ಇನ್ನೊಂದು ಉಪಕಾರ ಮಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ಆಮ್ಲ ಗುಣದ್ದು, ಈ ಸಾರಜನಕದ ಜಾಗಗಳು ಕ್ಷಾರ ಗುಣದವು. ಹಾಗಾಗಿ ಗ್ಯಾಸ್ ಬಂದು ನಿಲ್ಲುವುದಕ್ಕೆ ಒಂದು ನೆಲೆ ಸಿಗುತ್ತದೆ. ಬರೀ ಇದ್ದಿಲಿಗೆ ಆ ಗುಣ ಕಡಿಮೆ. ಇದೇ ಕಾರಣಕ್ಕೆ ಸೀರಿಯಂ ಆಕ್ಸೈಡನ್ನೋ ಮೆಗ್ನೀಸಿಯಂ ಆಕ್ಸೈಡನ್ನೋ ಸ್ವಲ್ಪ ಬೆರೆಸುವವರೂ ಇದ್ದಾರೆ.

ಇನ್ನೊಂದು ಅಪಾಯ ಇದೆ. ಅದು ಇದ್ದಿಲಿಗೆ ಮಾತ್ರ ಇರುವ ಅಪಾಯ. ನಿಕ್ಕಲ್‌ಗೆ ಗೊತ್ತಿರುವುದು ಇಂಗಾಲಕ್ಕೆ ಹೈಡ್ರೋಜನ್ ಸೇರಿಸುವ ಕೆಲಸ. ಅದು ಕೂತಿರುವ ನೆಲವೂ ಇಂಗಾಲವೇ! ಬಿಸಿ 450-500 ಡಿಗ್ರಿ ದಾಟಿದರೆ ನಿಕ್ಕಲ್ ಗ್ಯಾಸಿನ ಇಂಗಾಲದ ಜೊತೆಗೆ ತನ್ನ ಕಾಲಡಿಯ ಇದ್ದಿಲನ್ನೂ ಮೀಥೇನ್ ಮಾಡಲು ಶುರು ಮಾಡಬಹುದು. ಆಸರೆ ಕರಗುತ್ತಾ ಹೋಗುತ್ತದೆ, ಕಣಗಳು ನೆಲ ಕಳೆದುಕೊಂಡು ಗುಂಪಾಗುತ್ತವೆ. ಅಳೆಯುವವರಿಗೂ ಇದರಿಂದ ಮೋಸವಾಗುತ್ತದೆ. ಹೊರಗೆ ಬರುವ ಮೀಥೇನ್ ಜಾಸ್ತಿ ಕಂಡರೆ ಕ್ಯಾಟಲಿಸ್ಟ್ ಭಲೇ ಚೆನ್ನಾಗಿದೆ ಅಂತ ಬರೆದುಕೊಂಡುಬಿಡಬಹುದು. ಅದರಲ್ಲಿ ಒಂದು ಪಾಲು ಇದ್ದಿಲಿನದೇ ಆಗಿರಬಹುದು. ಹಾಗಾಗಿ ಇದ್ದಿಲ ಆಸರೆಯ ಯಾವುದೇ ಫಲಿತಾಂಶ ನೋಡಿದರೂ ನಾನು ಮೊದಲು ಹುಡುಕುವುದು ಒಂದು ಪರೀಕ್ಷೆ ಮಾಡಿದ್ದಾರಾ ಅಂತ. ಕಾರ್ಬನ್ ಡೈಆಕ್ಸೈಡ್ ನಿಲ್ಲಿಸಿ ಹೈಡ್ರೋಜನ್ ಮಾತ್ರ ಬಿಟ್ಟು ನೋಡಬೇಕು. ಆಗಲೂ ಮೀಥೇನ್ ಬರುತ್ತಿದ್ದರೆ ಇದ್ದಿಲು ಕರಗುತ್ತಿದೆ. ಇನ್ನೂ ಖಚಿತ ಬೇಕಾದರೆ ಮಾಮೂಲಿ 12 ತೂಕದ ಇಂಗಾಲದ ಬದಲು 13 ತೂಕದ ಇಂಗಾಲ ಇರುವ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಅದರಿಂದ ಆದ ಮೀಥೇನ್ ಅಣುವಿನ ತೂಕ 17. ಇದ್ದಿಲಿನಿಂದ ಬಂದದ್ದು ಹೆಚ್ಚಾಗಿ 16. ತೂಗಿದರೆ ಗೊತ್ತಾಗುತ್ತದೆ.

ಹಾಗಾದರೆ 500 ಡಿಗ್ರಿ ಮುಟ್ಟದಿದ್ದರಾಯಿತು ಅನ್ನಬಹುದು. ಮುಟ್ಟದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಈ ಕ್ರಿಯೆ ಶುರುವಾಗುವವರೆಗೆ ಕಾಯಿಸಬೇಕು, ಶುರುವಾದ ಮೇಲೆ ತಣಿಸಬೇಕು. 16 ಕೆಜಿ ಮೀಥೇನ್ ಹುಟ್ಟುವಾಗ ಹೊರಬರುವ ಶಾಖದಿಂದ ಸುಮಾರು 500 ಲೀಟರ್ ನೀರನ್ನು ಕುದಿ ಬರಿಸಬಹುದು. ಅಷ್ಟೂ ಶಾಖ ಕ್ಯಾಟಲಿಸ್ಟ್ ತುಂಬಿದ ಕೊಳವೆಯ ಮೊದಲ ಗೇಣಿನಲ್ಲೇ ಬಂದುಬಿಟ್ಟರೆ ಅಲ್ಲಿ ಕೆಂಡ. ಬಿಸಿ ಅತಿಯಾದರೆ ಕ್ರಿಯೆಯೇ ದಾರಿ ತಪ್ಪಿ ಮೀಥೇನ್ ಬದಲು ಕಾರ್ಬನ್ ಮೊನಾಕ್ಸೈಡ್ ಬರಲು ಶುರುವಾಗುತ್ತದೆ. ಬಿಸಿ ತೀರಾ ಕಡಿಮೆಯಾದರೂ ನಿಕ್ಕಲ್ ಕಾರ್ಬನ್ ಮೊನಾಕ್ಸೈಡ್ ಜೊತೆ ಸೇರಿ ಆವಿಯಾಗಿ ಎದ್ದು ಹೋಗುತ್ತದೆ. 1890ರಲ್ಲಿ ಲುಡ್ವಿಗ್ ಮಾಂಡ್ ಕಂಡುಹಿಡಿದ, ತುಂಬಾ ವಿಷದ ನಿಕ್ಕಲ್ ಕಾರ್ಬೊನಿಲ್ ಅದು. ಹಾಗಾಗಿ 250ರಿಂದ 400 ಡಿಗ್ರಿಯ ನಡುವಿನ ಓಣಿಯಲ್ಲೇ ನಡೆಯಬೇಕು.

ಇಲ್ಲಿ ಇಂಗಾಲದ ಇನ್ನೊಂದು ರೂಪ ನೆರವಿಗೆ ಬರುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಸಂಶೋಧಕರು ಇಂಗಾಲದ ಎಳೆಗಳನ್ನು ಕಂಬಳಿ ಥರ ಒತ್ತಿ ಮಾಡಿದ ಹಾಸಿನ ಮೇಲೆ ನಿಕ್ಕಲ್ ಕೂರಿಸಿದರು. ಅದನ್ನು ಕಾಯಿಸಿದ್ದು ಇಂಡಕ್ಷನ್ ಸ್ಟೌವ್ ಕೆಲಸ ಮಾಡುವ ರೀತಿಯಲ್ಲಿ. ಸ್ಟೌವ್ ಬಿಸಿಯಾಗದೆ ಪಾತ್ರೆಯೇ ಬಿಸಿಯಾಗುತ್ತದಲ್ಲ, ಹಾಗೆ ಇಲ್ಲಿ ಆಸರೆಯೇ ನೇರವಾಗಿ ಬಿಸಿಯಾಗುತ್ತದೆ. ಬೇಕೆಂದಾಗ ಏರಿಸಬಹುದು, ಬೇಡವೆಂದಾಗ ತಕ್ಷಣ ಇಳಿಸಬಹುದು. ಮೋಡ ಬಂದಾಗ ನಿಂತು ಬಿಸಿಲು ಬಂದಾಗ ಓಡಬೇಕಾದ ಸೋಲಾರ್ ಘಟಕಕ್ಕೆ ಇದು ಹೇಳಿ ಮಾಡಿಸಿದಂಥ ಗುಣ. ಅಲ್ಯೂಮಿನಾಕ್ಕೆ ಕರೆಂಟು ಹರಿಯುವುದಿಲ್ಲ, ಈ ಕೆಲಸ ಅದರಿಂದ ಆಗುವುದಿಲ್ಲ.

ನಮ್ಮ ಕಡೆ ಇದಕ್ಕೆ ಬೇಕಾದದ್ದೆಲ್ಲ ಬಿಡಿಬಿಡಿಯಾಗಿ ಇದೆ ಅನ್ನುವುದೇ ನನ್ನ ಉತ್ಸಾಹಕ್ಕೆ ಕಾರಣ. ತಿಪಟೂರು ಸೀಮೆಯ ತೆಂಗಿನ ಚಿಪ್ಪು. ಪಾವಗಡದ ಬಿಸಿಲು. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಎಥನಾಲ್ ಘಟಕ. ಕಾಕಂಬಿ ಹುಳಿಯುವಾಗ ಒಂದು ಕೆಜಿ ಎಥನಾಲ್ ಜೊತೆ ಹೆಚ್ಚುಕಡಿಮೆ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅದೂ ಬಹುತೇಕ ಶುದ್ಧವಾಗಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಕಾರ್ಬನ್ ಡೈಆಕ್ಸೈಡ್‌ನಿಂದ ಮೆಥನಾಲ್ ಮಾಡುವ ಕ್ಯಾಟಲಿಸ್ಟ್‌ಗಳ ಮೇಲೆ ಕೆಲಸ ಮಾಡಿದೆ. ಅದು ಮೀಥೇನ್ ಅಲ್ಲ, ಆದರೆ ಹತ್ತಿರದ ನೆಂಟ. ಒಂದು ಎಚ್ಚರ ಮಾತ್ರ ಇರಲಿ. ಮಾಡಿದ ಮೀಥೇನ್ ಪೈಪಿನಲ್ಲಿ ಸೋರಿದರೆ ಎಲ್ಲ ಶ್ರಮ ತಿರುಗುಮುರುಗು. 20 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ.

ಅಜ್ಜಿ ಮನೆಯ ಗ್ಯಾಸನ್ನೇ ತೆಗೆದುಕೊಂಡರೆ, ಅದರ ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸುವ ಗೋಜೂ ಬೇಡ. ಇದ್ದ ಹಾಗೇ ಹೈಡ್ರೋಜನ್ ಬೆರೆಸಿ ನಿಕ್ಕಲ್ ಮೇಲೆ ಹಾಯಿಸಿದರೆ, ನೂರು ಪಾಲಿನಲ್ಲಿ ಉರಿಯದಿದ್ದ ನಲವತ್ತೂ ಮೀಥೇನ್ ಆಗುತ್ತದೆ. ಡೆನ್ಮಾರ್ಕ್‌ನ ಫೌಲಮ್‌ನಲ್ಲಿ ಹೀಗೆ ಮಾಡಿ ನೋಡಿದ್ದಾರೆ. ಆದರೆ ಗೋಬರ್ ಗ್ಯಾಸಿನಲ್ಲಿ ಇನ್ನೊಂದು ವಸ್ತು ಚೂರು ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಅಜ್ಜಿಯ ಅಡುಗೆಮನೆಗೆ ತಾಗಿದ ದೇವರ ಕೋಣೆಯಲ್ಲಿ ಬೆಳ್ಳಿ ದೀಪ ವಾರಕ್ಕೇ ಕಪ್ಪಾಗುತ್ತಿತ್ತು. ಅದರ ಕೆಲಸವೇ. ಅದರಲ್ಲಿರುವ ಗಂಧಕ ಬೆಳ್ಳಿಗೆ ಅಂಟಿದ ಹಾಗೇ ನಿಕ್ಕಲ್‌ಗೂ ಅಂಟುತ್ತದೆ. ಹತ್ತು ಲಕ್ಷ ಪಾಲಿನಲ್ಲಿ ಕೆಲವು ಪಾಲು ಇದ್ದರೂ ಸಾಕು, ಕಾರ್ಬನ್ ಡೈಆಕ್ಸೈಡ್ ಕೂರಬೇಕಾದ ಜಾಗವನ್ನೆಲ್ಲ ಹಿಡಿದು ಕೂರುತ್ತದೆ, ಮತ್ತೆ ಏಳುವುದಿಲ್ಲ. ಅಜ್ಜಿ ವಿಭೂತಿ ಹಾಕಿ ಉಜ್ಜಿದರೆ ದೀಪ ಮತ್ತೆ ಬೆಳ್ಳಗಾಗುತ್ತಿತ್ತು. 5 ನ್ಯಾನೋಮೀಟರ್‌ನ ನಿಕ್ಕಲ್ ಕಣವನ್ನು ಹಾಗೆ ಉಜ್ಜಲು ಬರುವುದಿಲ್ಲ. ಅದಕ್ಕೇ ಗ್ಯಾಸ್ ನಿಕ್ಕಲ್ ಹತ್ತಿರ ಹೋಗುವ ಮುಂಚೆ ತುಕ್ಕು ಹಿಡಿದ ಕಬ್ಬಿಣದ ಪುಡಿ ತುಂಬಿದ ಒಂದು ಕೊಳವೆ, ಅದರ ಹಿಂದೆ ಸತುವಿನ ಆಕ್ಸೈಡ್ ತುಂಬಿದ ಇನ್ನೊಂದು ಕೊಳವೆ ಇಡುತ್ತಾರೆ. ಗಂಧಕ ಅಲ್ಲೇ ಉಳಿಯುತ್ತದೆ. ಮುಂದಿನ ಕೊಳವೆಯಲ್ಲಿ ಇದ್ದಿಲಿನ ಮೇಲೆ ಕೂತ ನಿಕ್ಕಲ್.